ಅಂಗೈ ಒಂದೇ, ಅದರಲ್ಲಿರುವುದು ಯಾವುದು?

ವೀರಶೈವನಿಗೆ ಅಂಗೈ ಎಂಬುದು ಬರಿಯ ಅವಯವವಲ್ಲ, ಅದು ಗದ್ದುಗೆ. ಬೆಳಗಿನ ಜಾವ ಮಿಂದು ಮಡಿಯುಟ್ಟು, ಹಣೆಗೆ ವಿಭೂತಿ ಧರಿಸಿ, ಎಡಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು, ರೆಪ್ಪೆ ಬಡಿಯದೆ ಅದರಲ್ಲಿಯೇ ದೃಷ್ಟಿ ನಿಲ್ಲಿಸುವುದು ನಮ್ಮ ಹಿರಿಯರು ಹಾಕಿಕೊಟ್ಟ ಮಾರ್ಗ. ಆ ಲಿಂಗದ ಮೈ ಕಪ್ಪು, ನುಣುಪು. ದೀಪದ ಬೆಳಕು ಅದರಲ್ಲಿ ಒಂದು ಚುಕ್ಕಿಯಾಗಿ ಹೊಳೆಯುತ್ತದೆ. ಭಕ್ತನ ನೋಟ ಆ ಚುಕ್ಕಿಯಲ್ಲಿ ನೆಟ್ಟಿತೆಂದರೆ ಮನಸ್ಸು ಗೂಟಕ್ಕೆ ಕಟ್ಟಿದ ಕರುವಿನಂತೆ ಕೆಲಹೊತ್ತು ಜಗ್ಗಾಡಿ, ಆಮೇಲೆ ಮೆಲ್ಲಗೆ ಮಂಡಿಯೂರಿ ಮಲಗುತ್ತದೆ.

ಈಗ ನಮ್ಮ ಮಕ್ಕಳ ಅಂಗೈಗೆ ಬೇರೊಂದು ವಸ್ತು ಬಂದು ಕುಳಿತಿದೆ. ಅದೂ ಕಪ್ಪು, ಅದೂ ನುಣುಪು. ಅದನ್ನೂ ರೆಪ್ಪೆ ಬಡಿಯದೆಯೇ ನೋಡುತ್ತಾರೆ. ಕೈ ಅದೇ, ಕಣ್ಣು ಅದೇ, ತಲೆ ಬಾಗಿದ ಭಂಗಿಯೂ ಅದೇ. ಆದರೆ ಒಂದು ಮನಸ್ಸನ್ನು ನಿಲ್ಲಿಸುತ್ತದೆ, ಇನ್ನೊಂದು ಓಡಿಸುತ್ತದೆ. ಒಂದು ಎಷ್ಟು ಹೊತ್ತು ನೋಡಿದರೂ ಬದಲಾಗುವುದಿಲ್ಲ. ಇನ್ನೊಂದು ಅರೆ ನಿಮಿಷ ಕೂಡ ಒಂದೇ ಆಗಿ ನಿಲ್ಲುವುದಿಲ್ಲ. ಈ ವ್ಯತ್ಯಾಸವನ್ನು ಸದ್ಭಕ್ತರು ಇಂದು ಸಾವಧಾನದಿಂದ ವಿಚಾರಿಸಬೇಕು.

ಕಳೆದ ಅಮವಾಸ್ಯೆಯ ದಿನ ದಾಸೋಹದ ಪ್ರಸಾದ ಮುಗಿದ ಮೇಲೆ ಹಿರಿಯರೊಬ್ಬರು ಹತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗನನ್ನು ಕರೆತಂದು ನಮ್ಮ ಮುಂದೆ ನಿಲ್ಲಿಸಿದರು. "ಅಪ್ಪಾರ, ಇವನ ಕಿವ್ಯಾಗ ಒಂದು ಮಾತು ಹಾಕ್ರಿ. ಮನ್ಯಾಗ ನಾವು ಹೇಳಿದ್ದು ಯಾವುದೂ ಇವಗ ತಾಗೂದಿಲ್ಲ" ಎಂದರು. ಮೊದಲು ಶಾಲೆಯಲ್ಲಿ ಮುಂದಿದ್ದ ಹುಡುಗ. ಈಗ ಪುಸ್ತಕ ಹಿಡಿದು ಹತ್ತು ನಿಮಿಷ ಕೂಡಲಾರ. ರಾತ್ರಿ ಕೌದಿಯೊಳಗೆ ಮೊಬೈಲು ಹಿಡಿದು ಯಾವಾಗ ಮಲಗುತ್ತಾನೋ ತಿಳಿಯದು. ಬೆಳಿಗ್ಗೆ ಎಬ್ಬಿಸಿದರೆ ಸಿಡಿಮಿಡಿ. ಒಂದು ದಿನ ತಾಯಿ ಕೈಯಿಂದ ಮೊಬೈಲು ಕಿತ್ತುಕೊಂಡಾಗ ಉಣ್ಣುವ ತಾಟನ್ನೇ ಎಸೆದನಂತೆ. ಅಷ್ಟು ಹೇಳಿ ಹಿರಿಯರ ದನಿ ಕುಗ್ಗಿತು. "ಅವತ್ತು ನಾ ಕೈ ಎತ್ತಿದೆ, ಅಪ್ಪಾರ. ಹುಟ್ಟಿದಾಗಿಂದ ಒಂದು ಏಟು ಹಾಕಿದವನಲ್ಲ. ಆವತ್ತಿನಿಂದ ಅಂವ ನನ್ನ ಕೂಡ ಮಾತ ಬಿಟ್ಟಾನ" ಎಂದು ಕಣ್ಣೊರೆಸಿಕೊಂಡರು.

ಹಿರಿಯರನ್ನು ಹೊರಗಿನ ಕಟ್ಟೆಯ ಮೇಲೆ ಕೂಡ್ರಿಸಿ ಹುಡುಗನೊಡನೆ ಮಾತಿಗಿಳಿದೆವು. "ತಮ್ಮಾ, ಅದರಾಗ ಏನು ನೋಡ್ತಿ?" ಎಂದರೆ "ಏನಿಲ್ರಿ" ಎಂದ. "ಏನೂ ಇಲ್ಲದ್ದನ್ನ ಮೂರು ತಾಸು ನೋಡ್ತಿಯೇನು?" ಎಂದು ಕೇಳಿದೆವು. ಹುಡುಗ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದ: "ಏನು ನೋಡಿದೆ ಅಂತ ಆಮ್ಯಾಲೆ ನೆನಪ ಇರೂದಿಲ್ರಿ. ಆದರ ಬಿಡಾಕ ಆಗೂದಿಲ್ಲ. ಓದಾಕ ಕುಂತ್ರ ಎರಡು ಸಾಲು ಆದಮ್ಯಾಗ ಕೈ ತಾನ ಅದರ ಕಡೆ ಹೋಗತೈತ್ರಿ."

ಇದು ಕೆಟ್ಟ ಹುಡುಗನ ಮಾತಲ್ಲ. ಬಲೆಗೆ ಬಿದ್ದ ಹುಡುಗನ ಮಾತು. ಬಿಡಬೇಕೆಂಬ ಅರಿವಿದೆ, ಬಿಡುವ ಬಲವಿಲ್ಲ. ಬಲೆ ಹೇಗೆ ನೇಯಲ್ಪಟ್ಟಿದೆ ಎಂಬುದನ್ನು ತಿಳಿಯದೆ ಮಗುವನ್ನು ಹೊಡೆದರೆ ಪ್ರಯೋಜನವಿಲ್ಲ.

ಮಂಗಳವಿಲ್ಲದ ಆಟ

ನಮ್ಮ ಊರುಗಳಲ್ಲಿ ರಾತ್ರಿಯಿಡೀ ಬಯಲಾಟ ನಡೆಯುತ್ತಿತ್ತು. ಆದರೆ ಬೆಳ್ಳಿ ಮೂಡುವ ಹೊತ್ತಿಗೆ ಮಂಗಳಾರತಿ ಆಗುತ್ತಿತ್ತು. ಜನ ಕಂಬಳಿ ಕೊಡವಿಕೊಂಡು ಮನೆಗೆ ಹೋಗುತ್ತಿದ್ದರು. ಪುರಾಣ ಪ್ರವಚನಕ್ಕೂ ಮಂಗಳವುಂಟು, ಸಂತೆಗೂ ಹೊತ್ತು ಮುಳುಗುವುದುಂಟು. ಈ ಚಿಕ್ಕ ವಿಡಿಯೊಗಳ ಆಟಕ್ಕೆ ಮಂಗಳವೇ ಇಲ್ಲ. ಒಂದು ಮುಗಿಯುವ ಮೊದಲೇ ಬೆರಳು ಮೇಲಕ್ಕೆ ಸರಿಯುತ್ತದೆ, ಇನ್ನೊಂದು ಸಿದ್ಧವಾಗಿ ನಿಂತಿರುತ್ತದೆ. ಹೀಗೆ ತುದಿಯೇ ಇಲ್ಲದಂತೆ ಪುಟ ಉರುಳುತ್ತ ಹೋಗುವ ಏರ್ಪಾಡನ್ನು 2006ರಲ್ಲಿ ರೂಪಿಸಿದವರು ಅಮೆರಿಕದ ಅಜಾ ರಾಸ್ಕಿನ್ ಎಂಬ ತಂತ್ರಜ್ಞರು. ತಾವು ಮಾಡಿದ ಆ ಕೆಲಸಕ್ಕಾಗಿ ಅವರೇ ಮುಂದೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟಿದ್ದಾರೆ.

ಎರಡನೆಯ ಗುಟ್ಟು ಇದಕ್ಕಿಂತ ಸೂಕ್ಷ್ಮವಾದುದು. ಮಟ್ಕಾ ಆಡುವವನನ್ನು ಹಿರಿಯರೆಲ್ಲ ನೋಡಿದ್ದೀರಿ. ಪ್ರತಿಸಲವೂ ಗೆಲ್ಲುವಂತಿದ್ದರೆ ಅವನಿಗೆ ಅದು ಕೂಲಿಯಂತಾಗಿ ಬೇಸರ ಬರುತ್ತಿತ್ತು. ಪ್ರತಿಸಲವೂ ಸೋಲುವಂತಿದ್ದರೆ ಬಿಟ್ಟುಬಿಡುತ್ತಿದ್ದ. ಎಂದೋ ಒಮ್ಮೆ ಗೆಲ್ಲುತ್ತಾನೆ, ಅದು ಯಾವಾಗ ಎಂದು ತಿಳಿಯದು. ಅದಕ್ಕಾಗಿಯೇ ಹೊಲ ಮಾರುವವರೆಗೂ ಆಡುತ್ತಾನೆ. ಕಳೆದ ಶತಮಾನದಲ್ಲಿ ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪಾರಿವಾಳಗಳ ಮೇಲೆ ಇದನ್ನು ಪರೀಕ್ಷಿಸಿದರು. ಕುಕ್ಕಿದಾಗಲೆಲ್ಲ ಕಾಳು ಸಿಗುವ ಹಕ್ಕಿಗಿಂತ, ಯಾವಾಗ ಸಿಗುವುದೆಂದು ತಿಳಿಯದ ಹಕ್ಕಿಯೇ ಹಟ ಹಿಡಿದು ಕುಕ್ಕುತ್ತಿತ್ತು. ಕಾಳು ನಿಂತುಹೋದ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇತ್ತು. ಹತ್ತು ವಿಡಿಯೊ ಸಪ್ಪೆ, ಹನ್ನೊಂದನೆಯದು ಸೊಗಸು. ಆ ಹನ್ನೊಂದನೆಯದಕ್ಕಾಗಿ ನಮ್ಮ ಹುಡುಗ ಬೆರಳಿನಿಂದ ಕುಕ್ಕುತ್ತ ಕುಳಿತಿದ್ದಾನೆ.

ಮೂರನೆಯದು ಲಾಭದ ಲೆಕ್ಕ. ವಿಡಿಯೊ ನೋಡುವುದಕ್ಕೆ ಕಾಸು ಕೊಡಬೇಕಾಗಿಲ್ಲ, ಪುಕ್ಕಟೆ ಎಂದು ನಾವು ತಿಳಿದಿದ್ದೇವೆ. ಕೊಡುತ್ತಿರುವುದು ಹೊತ್ತನ್ನು. ಹುಡುಗ ಎಷ್ಟು ಹೊತ್ತು ನೋಡಿದನೋ ಅಷ್ಟು ಜಾಹೀರಾತು, ಅಷ್ಟು ಗಳಿಕೆ. ಅವನು ಯಾವ ವಿಡಿಯೊ ಮುಂದೆ ಎಷ್ಟು ಕ್ಷಣ ತಡೆದ, ಯಾವುದನ್ನು ದಾಟಿಸಿದ ಎಂಬುದೆಲ್ಲ ಯಂತ್ರದ ಲೆಕ್ಕದಲ್ಲಿರುತ್ತದೆ. ಆ ಲೆಕ್ಕದ ಮೇಲೆ ಮುಂದಿನ ತುತ್ತು ಬಡಿಸಲಾಗುತ್ತದೆ. ತಾಯಿ ಮಗನ ಹಸಿವು ನೋಡಿ ಬಡಿಸುತ್ತಾಳೆ. ಇದು ಮಗನ ಚಪಲ ನೋಡಿ ಬಡಿಸುತ್ತದೆ.

2020ರ ಜೂನ್ 29ರಂದು ಕೇಂದ್ರ ಸರಕಾರ ಟಿಕ್‌ಟಾಕ್ ಸಹಿತ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಅನೇಕ ತಂದೆತಾಯಿಗಳು ನಿಟ್ಟುಸಿರು ಬಿಟ್ಟರು. ಆದರೆ ಆ ನಿಷೇಧದ ಕಾರಣ ದೇಶದ ಭದ್ರತೆಯೇ ಹೊರತು ಮಕ್ಕಳ ಮನಸ್ಸಲ್ಲ. ಮರುತಿಂಗಳೇ ಇನ್‌ಸ್ಟಾಗ್ರಾಂನವರ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬಿನವರ ಶಾರ್ಟ್ಸ್ ನಮ್ಮ ದೇಶಕ್ಕೆ ಬಂದವು. ಒಂದು ಅಂಗಡಿ ಮುಚ್ಚಿತು, ಎರಡು ತೆರೆದವು. ಅದೇ ಹೊತ್ತಿಗೆ ಕೊರೊನಾ ಮಾರಿಯಿಂದ ಶಾಲೆಗಳ ಬಾಗಿಲು ಮುಚ್ಚಿ, ಪಾಠಕ್ಕೆಂದು ನಾವೇ ಸಾಲ ಸೋಲ ಮಾಡಿ ಮೊಬೈಲು ತಂದು ಮಕ್ಕಳ ಕೈಗಿಟ್ಟೆವು. ಶಾಲೆ ತೆರೆದ ಮೇಲೆ ಅದನ್ನು ಹಿಂದಕ್ಕೆ ಪಡೆಯುವುದು ನಮಗೆ ನೆನಪಾಗಲಿಲ್ಲ.

ಹಸಿ ಮಡಕೆಯ ವಯಸ್ಸು

ಕುಂಬಾರ ತಿಗುರಿಯಿಂದ ಇಳಿಸಿದ ಹಸಿ ಮಡಕೆಯನ್ನು ಎಷ್ಟು ಜೋಪಾನದಿಂದ ಹಿಡಿಯುತ್ತಾನೆ ಎಂಬುದನ್ನು ನೀವು ಬಲ್ಲಿರಿ. ಆಗ ಒತ್ತಿದ ಬೆರಳಿನ ಗುರುತು ಆವಿಗೆಯಲ್ಲಿ ಸುಟ್ಟ ಮೇಲೂ ಉಳಿಯುತ್ತದೆ. ಹದಿಹರೆಯವೂ ಅಂತಹುದೇ. ಆಸೆಯನ್ನು ಎಬ್ಬಿಸುವ ಮಿದುಳಿನ ಭಾಗ ಈ ವಯಸ್ಸಿನಲ್ಲಿ ಬಹು ಚುರುಕಾಗಿರುತ್ತದೆ. ತಡೆದು ವಿಚಾರ ಮಾಡುವ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಸುಮಾರಿಗೆ ಎಂದು ವೈದ್ಯವಿಜ್ಞಾನ ಹೇಳುತ್ತದೆ. ಎತ್ತು ಹರೆಯದ್ದು, ಮೂಗುದಾರ ಇನ್ನೂ ಹೊಸೆಯುತ್ತಿದ್ದಾರೆ. ಇಂತಹ ಹೊತ್ತಿನಲ್ಲಿ ಆಸೆಯನ್ನೇ ಕೆರಳಿಸುವ ವಸ್ತು ದಿನಕ್ಕೆ ನೂರಾರು ಸಲ ಕಣ್ಣೆದುರು ಬಂದರೆ ಆ ಮಗು ಏನು ಮಾಡೀತು?

ಹದಿಮೂರರಿಂದ ಹದಿನೆಂಟರ ಮಕ್ಕಳಿಗೆ ರಾತ್ರಿ 8ರಿಂದ 10 ತಾಸು ನಿದ್ರೆ ಬೇಕು. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದಕ್ಕೆ ಆ ನಿದ್ರೆಯ ನೆರವು ಬೇಕು. ನಿದ್ರೆ ಕದ್ದ ಮೇಲೆ ಓದೂ ಹೋಯಿತು, ಸಹನೆಯೂ ಹೋಯಿತು. ಹೆಣ್ಣುಮಕ್ಕಳಿಗೆ ಇನ್ನೊಂದು ನೋವು. ಬಣ್ಣ ಬಳಿದು ತಿದ್ದಿ ತೀಡಿದ ಮುಖಗಳನ್ನೇ ದಿನವೂ ನೋಡಿ, ಕನ್ನಡಿಯಲ್ಲಿ ತನ್ನ ಮುಖ ನೋಡಲು ನಾಚುವ, ಹೊಟ್ಟೆತುಂಬ ಉಣ್ಣಲು ಅಂಜುವ ಮಕ್ಕಳಿದ್ದಾರೆ. ಗಂಡುಹುಡುಗರಲ್ಲಿ ಕೆಲವರು ನಾಲ್ಕು ಜನ ಮೆಚ್ಚಲೆಂದು ರಸ್ತೆಯ ಮೇಲೆ ಬೈಕಿನ ಮುಂಗಾಲಿ ಎತ್ತಿ ಓಡಿಸುತ್ತಾರೆ. ಕೆರೆಯ ಏರಿಯ ಮೇಲೆ, ರೈಲು ಹಳಿಯ ಮೇಲೆ ಕುಣಿಯುತ್ತಾರೆ. ಲೈಕು ಎಂಬ ಹೆಸರಿನ ಆ ಮೆಚ್ಚುಗೆ ಹೆಣದ ಮೇಲಿನ ಹೂವಾದರೆ ಯಾರಿಗೆ ಬೇಕು?

ಇದು ಪಟ್ಟಣದ ರೋಗ, ನಮ್ಮ ಹಳ್ಳಿಗಿಲ್ಲ ಎಂದು ಯಾರೂ ತಿಳಿಯಬೇಡಿ. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಪರೀಕ್ಷಿಸುವ 2024ರ ಅಸರ್ ವರದಿಯ ಪ್ರಕಾರ 14ರಿಂದ 16ರ ವಯಸ್ಸಿನ ಮಕ್ಕಳಲ್ಲಿ ಶೇಕಡಾ 82 ಮಂದಿ ಸ್ಮಾರ್ಟ್‌ಫೋನು ಬಳಸಬಲ್ಲರು. ಅವರ ಪೈಕಿ ಹಿಂದಿನ ಒಂದು ವಾರದಲ್ಲಿ ಓದಿನ ಕೆಲಸಕ್ಕೆ ಅದನ್ನು ಬಳಸಿದವರು ಶೇಕಡಾ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇಕಡಾ 76.

ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಮನೆತನದಲ್ಲಿ ಹುಟ್ಟಿದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರ ಮೇ ತಿಂಗಳಲ್ಲಿ ಆ ದೇಶದ ಜನರಿಗೆ ಒಂದು ಎಚ್ಚರಿಕೆ ಕೊಟ್ಟರು. ದಿನಕ್ಕೆ ಮೂರು ತಾಸಿಗಿಂತ ಹೆಚ್ಚು ಹೊತ್ತು ಜಾಲತಾಣದಲ್ಲಿ ಕಳೆಯುವ ಮಕ್ಕಳಲ್ಲಿ ಖಿನ್ನತೆ, ಕಳವಳದಂತಹ ಮನೋವ್ಯಥೆಯ ಅಪಾಯ ಇಮ್ಮಡಿ ಎಂದರು. ಮರುವರ್ಷ, ಸಿಗರೇಟಿನ ಪೊಟ್ಟಣದ ಮೇಲಿರುವಂತೆ ಈ ತಾಣಗಳ ಮೇಲೂ ಎಚ್ಚರಿಕೆಯ ಬರಹ ಇರಬೇಕೆಂದು ಕೇಳಿದರು. ವಿಡಿಯೊ ನೋಡಿದ್ದರಿಂದ ಮನಸ್ಸು ಕೆಟ್ಟಿತೋ, ಮನಸ್ಸು ನೊಂದಿದ್ದರಿಂದ ವಿಡಿಯೊಕ್ಕೆ ಮೊರೆಹೋದರೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಉಂಟು. ಅದು ಬಗೆಹರಿಯುವವರೆಗೆ ಕಾಯಲು ನಮ್ಮ ಮಗುವಿನ ವಯಸ್ಸು ಕಾಯುವುದಿಲ್ಲ. ಅಂಗಳದ ಬಾವಿಗೆ ಕಟ್ಟೆ ಕಟ್ಟುವುದಕ್ಕೆ ಯಾರಾದರೂ ಬೀಳುವವರೆಗೆ ಕಾಯುತ್ತೇವೆಯೇ?

ಅರ್ಪಿಸಬಹುದೇ ಎಂದು ಕೇಳಿಕೊಳ್ಳಿರಿ

ಈ ವಿಷಯದಲ್ಲಿ ನಮ್ಮ ಧರ್ಮ ಏನು ಹೇಳುತ್ತದೆ? ಮೊಬೈಲು ಮೊನ್ನೆ ಬಂದದ್ದು. ಆದರೆ ಕಣ್ಣು ಮೊನ್ನೆ ಬಂದದ್ದಲ್ಲ, ಅದರ ಹಸಿವೂ ಮೊನ್ನೆಯದಲ್ಲ. ಷಟ್‌ಸ್ಥಲ ಸಿದ್ಧಾಂತದಲ್ಲಿ ಇಂದ್ರಿಯಗಳನ್ನು ಬೈದು ಓಡಿಸುವ ಮಾತಿಲ್ಲ. ಒಂದೊಂದು ಇಂದ್ರಿಯಕ್ಕೂ ಒಂದೊಂದು ಲಿಂಗವನ್ನು ಹೇಳಿ ಗೌರವಿಸಿದ್ದಾರೆ. ಮೂಗಿಗೆ ಆಚಾರಲಿಂಗ, ನಾಲಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ, ತ್ವಚೆಗೆ ಜಂಗಮಲಿಂಗ, ಕಿವಿಗೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗ. ಕಣ್ಣು ಕಂಡ ರೂಪವನ್ನು ಮೊದಲು ಶಿವಲಿಂಗಕ್ಕೆ ಅರ್ಪಿಸಬೇಕು, ಕಿವಿ ಕೇಳಿದ ಶಬ್ದವನ್ನು ಪ್ರಸಾದಲಿಂಗಕ್ಕೆ ಅರ್ಪಿಸಬೇಕು. ಅರ್ಪಿಸಿ ಉಳಿದದ್ದೇ ಪ್ರಸಾದ. ಅರ್ಪಿಸದೆ ಕೊಂಡದ್ದು ಅನರ್ಪಿತ. ಈ ಎಚ್ಚರಕ್ಕೇ ಶರಣರು ಅವಧಾನ ಎಂದರು.

ಉಣ್ಣುವಾಗ ನಾವು ಈ ನಿಯಮ ಪಾಲಿಸುತ್ತೇವೆ. ತಾಟಿನಲ್ಲಿ ಏನಿದೆ ಎಂದು ನೋಡದೆ ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವುದಿಲ್ಲ. ಆದರೆ ಕಣ್ಣಿನ ಬಾಯಿಗೆ ಮಾತ್ರ ಯಾರೋ ಕಾಣದವರು ಬಡಿಸಿದ್ದನ್ನೆಲ್ಲ, ಒಂದರ ಮೇಲೊಂದು, ಅಗಿಯಲು ಬಿಡುವಿಲ್ಲದೆ ತುರುಕಿಕೊಳ್ಳುತ್ತಿದ್ದೇವೆ. ಒಂದು ವಿಡಿಯೊದಲ್ಲಿ ಸಾವು, ಮುಂದಿನದರಲ್ಲಿ ನಗೆ, ಅದರ ಮುಂದೆ ಜಗಳ, ಅದರ ಮುಂದೆ ದೇವರ ಹಾಡು, ಅದರ ಬೆನ್ನಿಗೇ ಅಶ್ಲೀಲ. ಸಾವಿಗೆ ಮರುಗುವಷ್ಟು ಹೊತ್ತಿಲ್ಲ, ದೇವರಿಗೆ ಕೈಮುಗಿಯುವಷ್ಟೂ ಹೊತ್ತಿಲ್ಲ. ಮರುಕವೂ ಭಕ್ತಿಯೂ ಬೆಳೆಯಬೇಕಾದರೆ ಮನಸ್ಸು ಒಂದೆಡೆ ನಿಲ್ಲಬೇಕು. ನಿಲ್ಲದ ಹೊಲದಲ್ಲಿ ಯಾವ ಬೀಜ ಬೇರು ಬಿಟ್ಟೀತು?

ಅದಕ್ಕೆ ಆ ಹುಡುಗನಿಗೆ ನಾವು ಒಂದೇ ಮಾತು ಹೇಳಿದೆವು: "ತಮ್ಮಾ, ನೋಡಬ್ಯಾಡ ಅಂತ ನಾವು ಹೇಳೂದಿಲ್ಲ. ಒಂದೊಂದು ನೋಡಿದ ಮ್ಯಾಲೆ ಬೆರಳು ತಡದು ನಿನ್ನನ್ನ ನೀನ ಕೇಳ್ಕೊ. ಇದನ್ನ ಲಿಂಗಕ್ಕ ಅರ್ಪಿಸಬಹುದೇನು? ಅರ್ಪಿಸಬಹುದು ಅಂದ್ರ ಮುಂದ ನೋಡು. ಇಲ್ಲ ಅಂದ್ರ ಅಲ್ಲೇ ಇಡು." ಹುಡುಗ ಮೊದಲ ಸಲ ತಲೆಯೆತ್ತಿ ನೋಡಿದ. ಬೆರಳು ತಡೆದು ಕೇಳಿಕೊಳ್ಳುವ ಆ ಒಂದು ಕ್ಷಣವಿದೆಯಲ್ಲ, ಅದನ್ನೇ ಆ ಯಂತ್ರ ಅವನಿಂದ ಕಸಿದಿದೆ. ಅದನ್ನು ಮರಳಿ ಪಡೆದವನು ಅರ್ಧ ಗೆದ್ದಂತೆ.

ಹಿರಿಯರ ಕೈಯಲ್ಲಿ ಏನಿದೆ?

ಹುಡುಗ ಹೊರಡುವಾಗ ಬಾಗಿಲ ಬಳಿ ನಿಂತು ಮೆಲ್ಲಗೆ ಹೇಳಿದ: "ಅಪ್ಪಾರ, ಅಜ್ಜಾನೂ ನೋಡ್ತಾನ್ರಿ. ರಾತ್ರಿ ಹಾಸಿಗ್ಯಾಗ ಹನ್ನೊಂದರ ತನಕ. ನಾ ನೋಡಿದ್ರ ಅಷ್ಟ ತಪ್ಪ ಏನ್ರಿ?"

ಹೊರಗೆ ಕಟ್ಟೆಯ ಮೇಲಿದ್ದ ಹಿರಿಯರಿಗೂ ಆ ಮಾತು ಕೇಳಿಸಿತು. ಅವರು ಸಿಟ್ಟಾಗಲಿಲ್ಲ. ತಲೆ ತಗ್ಗಿಸಿ, "ಖರೇನ ಐತ್ರಿ ಅಪ್ಪಾರ. ಹೊಲದ ಕೆಲಸ ಮುಗಿದ ಮ್ಯಾಲೆ ಹೊತ್ತು ಹೋಗವಲ್ದು ಅಂತ ಹಿಡದೆ. ಈಗ ಬಿಡಾಕ ಬರವಲ್ದು" ಎಂದರು.

ಸದ್ಭಕ್ತರೇ, ಈ ಮಾತು ಆ ಒಬ್ಬ ಹಿರಿಯರಿಗೆ ಮಾತ್ರ ಸಲ್ಲುವುದಲ್ಲ. ನಮ್ಮ ಊರ ಕಟ್ಟೆಗಳಲ್ಲಿ ನಾಲ್ಕು ಜನ ಕುಳಿತರೆ ನಾಲ್ಕು ಮೊಬೈಲು ಮಾತಾಡುತ್ತವೆ, ಮನುಷ್ಯರು ಸುಮ್ಮನಿರುತ್ತಾರೆ. ತೇರು ಎಳೆಯುವ ಹೊತ್ತಿಗೆ ಹಗ್ಗಕ್ಕೆ ಕೈ ಹಾಕುವವರಿಗಿಂತ ಕೈಯೆತ್ತಿ ಚಿತ್ರ ಹಿಡಿಯುವವರೇ ಹೆಚ್ಚು. ಅಳುವ ಕೂಸಿನ ಬಾಯಿ ಮುಚ್ಚಿಸಲು ಮೊದಲು ಮೊಬೈಲು ಕೊಟ್ಟವರು ಯಾರು? ತಾನು ಆಚರಿಸದ್ದನ್ನು ಹೇಳುವ ಗುರುವಿನ ಮಾತು ಶಿಷ್ಯನಿಗೆ ನಾಟುವುದಿಲ್ಲ. ತಾನು ಬಿಡದ್ದನ್ನು ಬಿಡು ಎನ್ನುವ ಅಜ್ಜನ ಮಾತೂ ಹಾಗೆಯೇ. ಸದಾಚಾರ ಮನೆಯ ಹಿರಿಯನಿಂದ ಆರಂಭವಾಗಬೇಕು.

ಹಾಗೆಂದು ವಸ್ತುವನ್ನೇ ದೂಷಿಸುವುದೂ ಸಲ್ಲದು. ಇದೇ ಮೊಬೈಲಿನಲ್ಲಿ ರೈತ ಮಳೆಯ ಸುದ್ದಿ ತಿಳಿಯುತ್ತಾನೆ, ಬೆಳೆರೋಗಕ್ಕೆ ಮದ್ದು ಕೇಳುತ್ತಾನೆ, ದೂರದೇಶದ ಮಗ ತಾಯಿಯ ಮುಖ ಕಾಣುತ್ತಾನೆ. ವಚನ ಗಾಯನ ಕೇಳಿ ಕಲಿತ ಮಕ್ಕಳೂ ಇದ್ದಾರೆ. ಕೊಡಲಿಯಿಂದ ಸೌದೆಯೂ ಆಗುತ್ತದೆ, ಕಾಲೂ ತುಂಡಾಗುತ್ತದೆ. ಕೊಡಲಿ ಯಾರ ಕೈಯಲ್ಲಿದೆ, ಎಷ್ಟು ಹೊತ್ತಿದೆ ಎಂಬುದೇ ಪ್ರಶ್ನೆ.

ಗಮನವೆಂದರೇನು ಎಂಬುದನ್ನು ತಿಳಿಯಬೇಕಾದರೆ ಮಕ್ಕಳನ್ನು ಒಮ್ಮೆ ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಕರೆದೊಯ್ಯಿರಿ. ಪಂಚಾಕ್ಷರಿ ಗವಾಯಿಗಳು, ಅವರ ತರುವಾಯ 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರು. ಕಣ್ಣಿಲ್ಲದ ನೂರಾರು ಮಕ್ಕಳಿಗೆ ಅನ್ನವಿಕ್ಕಿ ಸಂಗೀತದ ದಾರಿ ತೋರಿದರು. ಒಂದು ಸ್ವರ ನಿಲ್ಲುವವರೆಗೆ ಮತ್ತೆ ಮತ್ತೆ ಅದನ್ನೇ ಸಾಧಿಸುವುದು, ಒಂದು ರಾಗ ಒಲಿಯಲು ವರ್ಷಗಟ್ಟಲೆ ಕಾಯುವುದು ಅಲ್ಲಿಯ ತಪಸ್ಸು. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದಾಗಲೂ ವಟುಗಳಿಗೆ ಓದಿನೊಡನೆ ಶಿವಯೋಗವನ್ನು ಕಡ್ಡಾಯವಾಗಿ ಕಲಿಸಿದರು. ನಿಂತ ಮನಸ್ಸಿಗೇ ವಿದ್ಯೆ ಒಲಿಯುವುದೆಂದು ಆ ಮಹನೀಯರು ಬಲ್ಲವರಾಗಿದ್ದರು.

ಊರು ಮನಸ್ಸು ಮಾಡಿದರೆ

ಒಬ್ಬ ತಾಯಿ, ಒಬ್ಬ ಅಜ್ಜ ಒಂಟಿಯಾಗಿ ಈ ಬಲೆಯನ್ನು ಹರಿಯಲಾರರು. ಓಣಿಯ ಮಕ್ಕಳೆಲ್ಲ ನೋಡುವಾಗ ತನ್ನ ಮಗನೊಬ್ಬನನ್ನು ತಡೆದರೆ ಅವನು ಕದ್ದು ನೋಡುತ್ತಾನೆ. ಆದುದರಿಂದ ಊರು ಒಂದಾಗಬೇಕು. ನಮ್ಮ ನೆರೆಯ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿ 2022ರಲ್ಲಿ ಒಂದು ಕಟ್ಟಳೆ ಮಾಡಿಕೊಂಡಿತು. ಸಂಜೆ 7ಕ್ಕೆ ಗುಡಿಯ ಸೈರನ್ ಕೂಗುತ್ತಲೇ ಮನೆಮನೆಯ ಟಿ.ವಿ., ಮೊಬೈಲು ಬಂದು, ಮತ್ತೆ 8.30ಕ್ಕೆ ಸೈರನ್ ಕೂಗುವವರೆಗೆ ಮಕ್ಕಳಿಗೆ ಓದು, ಹಿರಿಯರಿಗೆ ಮಾತುಕತೆ. ಇದಕ್ಕೆ ಕಾಯಿದೆ ಬೇಕಾಗಲಿಲ್ಲ, ಗ್ರಾಮಸ್ಥರ ಒಮ್ಮತ ಸಾಕಾಯಿತು. ನಮ್ಮ ಊರುಗಳಲ್ಲಿ ಗುಡಿಯ ಗಂಟೆ ಇಲ್ಲವೇ? ಮಠದ ನಗಾರಿ ಇಲ್ಲವೇ?

ದೇಶಗಳೂ ಎಚ್ಚತ್ತಿವೆ. ಟಿಕ್‌ಟಾಕಿನ ಒಡೆಯರೇ ಚೀನಾದಲ್ಲಿ ನಡೆಸುವ ಡೌಯಿನ್ ಎಂಬುದರಲ್ಲಿ 14ರ ಒಳಗಿನ ಮಕ್ಕಳಿಗೆ ದಿನಕ್ಕೆ 40 ನಿಮಿಷ ಮಾತ್ರ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಇಲ್ಲವೇ ಇಲ್ಲ ಎಂದು 2021ರಲ್ಲಿ ನಿಯಮ ಮಾಡಿದರು. ಆಸ್ಟ್ರೇಲಿಯಾ ದೇಶದಲ್ಲಿ 16ರ ಒಳಗಿನವರು ಇಂತಹ ತಾಣಗಳಲ್ಲಿ ಖಾತೆ ಹೊಂದಬಾರದೆಂಬ ಕಾನೂನು 2025ರ ಡಿಸೆಂಬರ್ 10ರಿಂದ ಜಾರಿಗೆ ಬಂದಿದೆ.

ಮನೆಯಲ್ಲಿ ಮಾಡಬಹುದಾದದ್ದು ಹೆಚ್ಚೇನಿಲ್ಲ. ಉಣ್ಣುವಲ್ಲಿ, ಮಲಗುವಲ್ಲಿ, ಪೂಜೆಯಲ್ಲಿ ಯಾರ ಕೈಯಲ್ಲಿಯೂ ಮೊಬೈಲು ಬೇಡ. ರಾತ್ರಿ ಮನೆಯವರೆಲ್ಲರ ಮೊಬೈಲುಗಳು, ಹಿರಿಯರದ್ದೂ ಸೇರಿ, ಒಂದೇ ಮಾಡಿನಲ್ಲಿ ಮಲಗಲಿ. ಕಸಿದುಕೊಳ್ಳಬೇಡಿ; ಕಸಿದರೆ ಹಟ ಬೆಳೆಯುತ್ತದೆ. ಕಸಿದ ಜಾಗ ಬರಿದಾಗಿಯೂ ಇರಬಾರದು. ಹೊಲಕ್ಕೆ ಕರೆದೊಯ್ಯಿರಿ, ಕಾಯಕದಲ್ಲಿ ಜೊತೆಗೂಡಿಸಿರಿ, ಕಬಡ್ಡಿಯ ಅಂಗಳಕ್ಕೆ ಕಳಿಸಿರಿ, ಜಾತ್ರೆಯ ದಾಸೋಹದಲ್ಲಿ ಬಡಿಸಲು ನಿಲ್ಲಿಸಿರಿ. ಮಗು ಊಟ ನಿದ್ರೆ ಬಿಟ್ಟು ಮಂಕಾದರೆ, ಸಾಯುವ ಮಾತಾಡಿದರೆ, ದೃಷ್ಟಿ ತಾಗಿತೆಂದು ತಡಮಾಡದೆ ವೈದ್ಯರ ಬಳಿ ಹೋಗಿರಿ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇಂತಹ ಗೀಳಿಗೆಂದೇ 2014ರಿಂದ ಒಂದು ಚಿಕಿತ್ಸಾ ವಿಭಾಗವಿದೆ. 14416ಕ್ಕೆ ಫೋನು ಮಾಡಿದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿಯವರು ಪುಕ್ಕಟೆಯಾಗಿ ಸಲಹೆ ಕೊಡುತ್ತಾರೆ. ವಿಭೂತಿಯೂ ಇರಲಿ, ವೈದ್ಯವೂ ಇರಲಿ.

ಆ ಅಜ್ಜ ಮೊಮ್ಮಗ ಹುಣ್ಣಿಮೆಗೆ ಮತ್ತೆ ಮಠಕ್ಕೆ ಬಂದಿದ್ದರು. ಹುಡುಗ ಪೂರ್ತಿ ಬದಲಾದನೆಂದು ನಾವು ಹೇಳಲಾರೆವು. ನಡುವೆ ಎರಡು ದಿನ ಕದ್ದು ನೋಡಿದನೆಂದು ತಾನೇ ಒಪ್ಪಿಕೊಂಡ. ಆದರೆ ರಾತ್ರಿ ಒಂಬತ್ತಕ್ಕೆ ಇಬ್ಬರ ಮೊಬೈಲುಗಳೂ ದೇವರಮನೆಯ ಮಾಡಿಗೆ ಹೋಗುತ್ತವಂತೆ. ಬೆಳಿಗ್ಗೆ ಇಬ್ಬರೂ ಜೊತೆಗೆ ಲಿಂಗಪೂಜೆಗೆ ಕೂಡುತ್ತಾರಂತೆ. "ಮೊದಲ ದಿನ ಐದು ನಿಮಿಷಕ್ಕ ಎದ್ದಾ. ಈಗ ನನ್ನಕಿಂತ ಹೆಚ್ಚು ಹೊತ್ತು ಕೂಡ್ತಾನ್ರಿ" ಎಂದರು ಹಿರಿಯರು. ಹುಡುಗ ನಕ್ಕು, "ಅಜ್ಜಗ ಮೊಣಕಾಲ ನೋವ್ರಿ, ಅದಕ್ಕ ಲಗೂನ ಏಳ್ತಾನ" ಎಂದ. ಮಾತು ಬಿಟ್ಟಿದ್ದ ಮೊಮ್ಮಗ ಅಜ್ಜನ ಪರವಾಗಿ ಮಾತಾಡಿದ. ನಮಗೆ ಅಷ್ಟೇ ಸಾಕಾಯಿತು.

ಅಂಗೈ ಒಂದೇ. ಅದರಲ್ಲಿ ಯಾವುದನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕೆಂಬ ವಿವೇಕವನ್ನು ಪರಶಿವನು ನಮ್ಮ ಮಕ್ಕಳಿಗೂ, ಅವರಿಗಿಂತ ಮೊದಲು ನಮಗೂ ಕರುಣಿಸಲಿ ಎಂದು ಹಾರೈಸುತ್ತೇವೆ. ಸರ್ವರಿಗೂ ಶುಭವಾಗಲಿ.